ಬಲಮೂಲೆ ಬಿಡದ ಮಗು: ಒಂದು ಬ್ರೀಚ್ ಪ್ರಕರಣ

ಇದು ನಾನೇ ನೋಡಿಕೊಂಡ ಒಂದು ಬಸಿರಿನ ಕಥೆ. ಗುರುತು ಸಿಗಬಾರದು ಅಂತ ತಾಯಿಯ ವಯಸ್ಸು, ಕೆಲಸ, ಮನೆಯವರ ವಿವರಗಳನ್ನು ಬದಲಿಸಿದ್ದೇನೆ. ಕೇಸು ಅಪರೂಪದ್ದೇನಲ್ಲ. ಆದರೆ ಇದರಲ್ಲಿ ನಾನು ಎರಡು ಕಡೆ ಎಡವಿದೆ. ಎರಡೂ ಬೇರೆಯವರು ಎಡವಬಹುದಾದ ಜಾಗಗಳೇ.

ಹಿನ್ನೆಲೆ

ಆಕೆಗೆ ಮೂವತ್ತರ ಆಸುಪಾಸು. ಮೊದಲ ಬಸಿರು. ಬಿಪಿ ಇಲ್ಲ, ಸಕ್ಕರೆ ಇಲ್ಲ, ಹಿಂದೆ ಗರ್ಭಪಾತ ಆಗಿಲ್ಲ. ರಕ್ತದ ಗುಂಪು ನೆಗೆಟಿವ್, ಅದಕ್ಕೆ 28ನೇ ವಾರದಲ್ಲಿ ಆಂಟಿ-ಡಿ ಇಂಜೆಕ್ಷನ್ (ತಾಯಿಯ ಮೈ ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ತಿರುಗಿಬೀಳದಂತೆ ತಡೆಯುವ ಮದ್ದು) ಕೊಟ್ಟಿದ್ದೆವು. ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಮಗುವಿನ ಅಂಗಾಂಗ ಎಲ್ಲ ಸರಿಯಾಗಿತ್ತು. ರಿಪೋರ್ಟ್‌ನಲ್ಲಿ 'ಬ್ರೀಚ್' ಅಂತ ಬರೆದಿತ್ತು, ಅಂದರೆ ಮಗುವಿನ ತಲೆ ಮೇಲೆ, ಪಿರ್ರೆ ಅಥವಾ ಕಾಲು ಕೆಳಗೆ. ಅದನ್ನು ಓದಿ ಗಂಡ ಹೆಂಡತಿ ಗಾಬರಿಯಾಗಿ ಬಂದಿದ್ದರು.

ಆಗ ಗಾಬರಿಯಾಗುವ ಅಗತ್ಯ ಇರಲಿಲ್ಲ. ಐದನೇ ತಿಂಗಳಲ್ಲಿ ಮಗು ಚಿಕ್ಕದು, ಸುತ್ತ ನೀರು ಜಾಸ್ತಿ. ಬೆಳಿಗ್ಗೆ ತಲೆ ಮೇಲಿದ್ದರೆ ಸಂಜೆ ಕೆಳಗಿರುತ್ತದೆ. 28ನೇ ವಾರದ ಹೊತ್ತಿಗೂ ನೂರರಲ್ಲಿ 20ರಿಂದ 25 ಮಕ್ಕಳು ಬ್ರೀಚ್ ಆಗಿಯೇ ಇರುತ್ತವೆ. ತಿಂಗಳು ತುಂಬುವಾಗ ಅದು 3ರಿಂದ 4ಕ್ಕೆ ಇಳಿಯುತ್ತದೆ. ಉಳಿದವು ತಾವಾಗಿಯೇ ತಿರುಗಿರುತ್ತವೆ.

ಯಾಕೆ ತಿರುಗುತ್ತವೆ? ಗರ್ಭಕೋಶ ತಲೆಕೆಳಗು ಮಾಡಿದ ಪೇರಳೆ ಹಣ್ಣಿನ ಹಾಗಿದೆ. ಮೇಲೆ ಅಗಲ, ಕೆಳಗೆ ಕಿರಿದು. ಮಗು ದೊಡ್ಡದಾದ ಹಾಗೆ ಪಿರ್ರೆ, ಮಡಚಿದ ತೊಡೆ, ಪಾದ ಎಲ್ಲ ಸೇರಿ ತಲೆಗಿಂತ ದೊಡ್ಡ ಗಂಟಾಗುತ್ತದೆ. ಆ ಗಂಟಿಗೆ ಮೇಲಿನ ಅಗಲದ ಜಾಗ ಬೇಕು. ತಲೆ ಕೆಳಗಿನ ಕಿರಿದಾದ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಮಗು ಕಾಲಿನಿಂದ ಒದ್ದು ಒದ್ದು ತನಗೆ ಆರಾಮಾದ ಕಡೆ ಸರಿದುಕೊಳ್ಳುತ್ತದೆ. ಅಂದರೆ ಮೂರು ಸಂಗತಿ ಕೂಡಿಬರಬೇಕು: ತಿರುಗಲು ಜಾಗ, ಒದೆಯಲು ಕಸುವು, ಸರಿಯಾದ ಆಕಾರದ ಮನೆ. ಒಂದು ತಪ್ಪಿದರೂ ಮಗು ಇದ್ದಲ್ಲೇ ಉಳಿಯಬಹುದು.

34ನೇ ವಾರ: ನನ್ನ ಮೊದಲ ತಪ್ಪು

34ನೇ ವಾರದಲ್ಲಿ ಹೊಟ್ಟೆ ಮುಟ್ಟಿ ನೋಡಿದ್ದು ನಾನೇ. ಕೆಳಗೆ ದುಂಡಗೆ ಏನೋ ಸಿಕ್ಕಿತು. 'ತಲೆ ಕೆಳಗೆ' ಅಂತ ಬರೆದೆ. ಆಕೆ ಹೇಳಿದಳು, "ಮೇಡಂ, ಪಕ್ಕೆಲುಬಿನ ಕೆಳಗೆ ಬಲಗಡೆ ಗಟ್ಟಿಯಾಗಿ ಏನೋ ಒತ್ತುತ್ತೆ. ಬಗ್ಗೋಕೆ ಆಗಲ್ಲ."

"ಒದೆತ ಎಲ್ಲಿ ಗೊತ್ತಾಗುತ್ತೆ?" ಅಂತ ಕೇಳಿದೆ.

"ಮೇಲುಗಡೆನೇ ಜಾಸ್ತಿ."

ಮೇಲೆ ಒದೆಯುತ್ತಿದೆ ಅಂದರೆ ಕಾಲು ಮೇಲಿದೆ. ಕಾಲು ಮೇಲಿದ್ದರೆ ತಲೆ ಕೆಳಗೆ. ಲೆಕ್ಕ ಸರಿಯಾಯಿತು ಅಂದುಕೊಂಡು ಕಳಿಸಿಬಿಟ್ಟೆ.

ಬ್ರೀಚ್‌ನಲ್ಲಿ ಬಗೆಗಳಿವೆ. ಮಗು ಚಕ್ಕಳಮಕ್ಕಳ ಹಾಕಿ ಕೂತಂತೆ ಇರುವುದು ಒಂದು. ಒಂದು ಪಾದವೋ ಎರಡೂ ಪಾದವೋ ಎಲ್ಲಕ್ಕಿಂತ ಕೆಳಗೆ ಬಂದಿರುವುದು ಇನ್ನೊಂದು. ತಿಂಗಳು ತುಂಬಿದವರಲ್ಲಿ ಹೆಚ್ಚಾಗಿ ಕಾಣುವುದು ಮೂರನೆಯದು, ಫ್ರಾಂಕ್ ಬ್ರೀಚ್. ಇದರಲ್ಲಿ ಪಿರ್ರೆ ಕೆಳಗೆ, ಮಂಡಿ ನೆಟ್ಟಗೆ, ಪಾದ ಮುಖದ ಹತ್ತಿರ. ಪಾದ ಮುಖದ ಹತ್ತಿರ ಇದ್ದ ಮೇಲೆ ಒದೆತವೂ ಮೇಲೆಯೇ ತಾನೇ ಗೊತ್ತಾಗುವುದು? ಒದೆತದ ಜಾಗ ಒಂದನ್ನೇ ನಂಬಿದರೆ ಈ ಬಗೆಯ ಬ್ರೀಚ್ ನಮ್ಮನ್ನು ಸಲೀಸಾಗಿ ಯಾಮಾರಿಸುತ್ತದೆ. ಜೊತೆಗೆ ಎರಡೂ ಕಾಲು ಮೇಲೆ ಹೋಗಿರುವುದರಿಂದ ಪಿರ್ರೆ ಒಂದೇ ಉಂಡೆಯಾಗಿ, ಬಿಗಿಯಾಗಿ, ಕೈಗೆ ತಲೆಯ ಹಾಗೇ ಸಿಗುತ್ತದೆ.

ತಿಳಿಯುವ ದಾರಿ ಇತ್ತು. ಹೊಟ್ಟೆಯ ಮೇಲ್ಭಾಗದಲ್ಲಿ ಆ ಗಟ್ಟಿ ಗಂಟನ್ನು ಎರಡು ಕೈಗಳ ನಡುವೆ ತಟ್ಟಿ ನೋಡಬೇಕಿತ್ತು. ತಲೆಯಾದರೆ ಕತ್ತಿನ ಮೇಲೆ ಅದೊಂದೇ ಅಲುಗುತ್ತದೆ, ಮೈ ಅಲುಗುವುದಿಲ್ಲ. ಪಿರ್ರೆಯಾದರೆ ಇಡೀ ಮೈ ಜೊತೆಗೆ ಸರಿಯುತ್ತದೆ. ಎದೆಬಡಿತ ಹೊಕ್ಕುಳಿಗಿಂತ ಮೇಲೆ ಜೋರಾಗಿ ಕೇಳುತ್ತದಾ ಅಂತಲೂ ನೋಡಬೇಕಿತ್ತು. ಆಕೆ ಹೇಳಿದ 'ಗಟ್ಟಿ' ಮಗುವಿನ ತಲೆಯೇ ಆಗಿತ್ತು. ಅವಳು ಉತ್ತರ ಕೊಟ್ಟಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ.

36ನೇ ವಾರದಲ್ಲಿ ಮಗುವಿನ ಬೆಳವಣಿಗೆ ನೋಡಲು ಮಾಡಿಸಿದ ಸ್ಕ್ಯಾನ್‌ನಲ್ಲಿ ನಿಜ ಗೊತ್ತಾಯಿತು. ಫ್ರಾಂಕ್ ಬ್ರೀಚ್. ತೂಕ ಅಂದಾಜು 2.6 ಕೆಜಿ. ನೀರು ಸಾಕಷ್ಟಿದೆ. ಕತ್ತಿಗೆ ಹೊಕ್ಕುಳಬಳ್ಳಿ ಸುತ್ತಿಲ್ಲ. ಮಾಸು ಗರ್ಭಕೋಶದ ಮೇಲಿನ ಬಲಮೂಲೆಯಲ್ಲಿ.

'ಯಾಕೆ?'

ಮರುದಿನ ಆಕೆ ಗಂಡ ಮತ್ತು ಅತ್ತೆಯ ಜೊತೆ ಬಂದಳು. ಫೋನಿನಲ್ಲಿ ಒಂದು ಪಟ್ಟಿ ಬರೆದುಕೊಂಡಿದ್ದಳು. ಮಗು ತಿರುಗದಿರಲು ತಾನು ಮಾಡಿದ್ದಿರಬಹುದಾದ ತಪ್ಪುಗಳ ಪಟ್ಟಿ. ಬಲಮಗ್ಗುಲಾಗಿ ಮಲಗಿದ್ದು, ಮೆಟ್ಟಿಲು ಹತ್ತಿದ್ದು, ದೂರ ಪ್ರಯಾಣ, ಕುರ್ಚಿಯಲ್ಲಿ ಗಂಟೆಗಟ್ಟಲೆ ಕೂತಿದ್ದು, ಏಳನೇ ತಿಂಗಳಲ್ಲಿ ಜೋರಾಗಿ ಅತ್ತಿದ್ದು. ಹನ್ನೊಂದು ಇದ್ದವು. ಒಂದೊಂದೇ ಓದಿದಳು. ಹನ್ನೊಂದಕ್ಕೂ 'ಅಲ್ಲ' ಅಂದೆ.

"ಹಾಗಾದ್ರೆ ಮತ್ತೆ ಯಾಕೆ?"

ಇದಕ್ಕೆ ನಿಜವಾದ ಉತ್ತರ ಸಪ್ಪೆಯಾದದ್ದು: ಹೆಚ್ಚಿನವರಲ್ಲಿ ಕಾರಣ ಸಿಗುವುದೇ ಇಲ್ಲ. ಹುಡುಕಬೇಕಾದ ಜಾಗಗಳಂತೂ ಇವೆ. ಕೆಲವು ಜಾಗಕ್ಕೆ ಸಂಬಂಧಿಸಿದವು: ಅವಳಿ ಮಕ್ಕಳು, ನೀರು ತೀರಾ ಕಮ್ಮಿ ಇರುವುದು, ಕೆಳಭಾಗದಲ್ಲಿ ಫೈಬ್ರಾಯ್ಡ್ ಗಡ್ಡೆ, ಮಾಸು ಕೆಳಗೆ ಅಡ್ಡವಾಗಿ ಕೂತಿರುವುದು ಅಥವಾ ಮೇಲಿನ ಮೂಲೆಯನ್ನು ಹಿಡಿದಿರುವುದು, ಗರ್ಭಕೋಶದ ಆಕಾರವೇ ಬೇರೆ ಇರುವುದು. ಜಾಗ ಜಾಸ್ತಿಯಾದರೂ ತೊಂದರೆಯೇ. ನೀರು ತುಂಬಾ ಇದ್ದರೆ, ಇಲ್ಲವೇ ಹಲವು ಹೆರಿಗೆಗಳಿಂದ ಗರ್ಭಕೋಶ ಸಡಿಲವಾಗಿದ್ದರೆ ಮಗು ಒಂದು ಕಡೆ ನೆಲೆ ನಿಲ್ಲುವುದಿಲ್ಲ. ಕೆಲವು ಸಲ ಮಗುವಿನ ನರ ಅಥವಾ ಸ್ನಾಯುವಿನ ತೊಂದರೆಯಿಂದ ಒದೆಯುವ ಶಕ್ತಿಯೇ ಕಮ್ಮಿ ಇರುತ್ತದೆ. ತಿಂಗಳು ತುಂಬುವ ಮೊದಲೇ ಹೆರಿಗೆಯಾದರೆ ತಿರುಗಲು ಸಮಯವೇ ಸಿಕ್ಕಿರುವುದಿಲ್ಲ. ಫ್ರಾಂಕ್ ಬ್ರೀಚ್‌ನಲ್ಲಿ ಇನ್ನೊಂದು ಕಷ್ಟ: ನೆಟ್ಟಗೆ ಚಾಚಿದ ಕಾಲುಗಳು ಮುರಿದ ಕೈಗೆ ಕಟ್ಟುವ ದಬ್ಬೆಯ ಹಾಗೆ ಬೆನ್ನನ್ನು ಸೆಟೆದು ಹಿಡಿದಿರುತ್ತವೆ. ಮಗು ಬಾಗಿ ಪಲ್ಟಿ ಹೊಡೆಯುವುದು ಕಷ್ಟವಾಗುತ್ತದೆ.

ಇಷ್ಟು ಹೇಳುವಾಗ ಅತ್ತೆ ನಡುವೆ ಬಾಯಿ ಹಾಕಿದರು. "ನಮ್ಮ ಕಡೆ ಯಾರಿಗೂ ಹೀಗಾಗಿಲ್ಲ." ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಸ್ವಲ್ಪ ತಡೆದು, "ಇವನೊಬ್ಬ ಪಿರ್ರೆ ಮುಂದಾಗಿ ಹುಟ್ಟಿದ್ದ, ಅಷ್ಟೇ" ಅಂತ ಮಗನ ಕಡೆ ಕೈ ತೋರಿಸಿದರು.

ನನಗೆ ನಗು ತಡೆಯಲು ಕಷ್ಟವಾಯಿತು. ನಾರ್ವೆಯ ಜನನ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ದೊಡ್ಡ ಅಧ್ಯಯನವೊಂದು 2008ರಲ್ಲಿ ಪ್ರಕಟವಾಗಿತ್ತು. ತಿಂಗಳು ತುಂಬಿ ಬ್ರೀಚ್ ಆಗಿ ಹುಟ್ಟಿದವರ ಮೊದಲ ಮಗುವೂ ಬ್ರೀಚ್ ಆಗುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಹಾಗೆ ಹುಟ್ಟಿದ್ದು ತಾಯಿಯಾದರೂ ಅಷ್ಟೇ, ತಂದೆಯಾದರೂ ಅಷ್ಟೇ. ಇದನ್ನು ಹೇಳಿದಾಗ ಗಂಡ ತಲೆ ತಗ್ಗಿಸಿ ನೆಲ ನೋಡಿದ. ಅತ್ತೆ ಮತ್ತೆ ಆ ಮಾತು ಎತ್ತಲಿಲ್ಲ. ಎರಡು ಪಟ್ಟು ಅಂದರೂ ಅಂಥವರಲ್ಲಿ ಹೆಚ್ಚಿನವರಿಗೆ ತಲೆ ಕೆಳಗಿರುವ ಮಗುವೇ ಹುಟ್ಟುತ್ತದೆ ಅಂತಲೂ ಸೇರಿಸಿದೆ. ಒಬ್ಬರ ಮೇಲಿನ ದೂರನ್ನು ಇಳಿಸಿ ಇನ್ನೊಬ್ಬರ ಮೇಲೆ ಹೊರಿಸುವುದು ನನಗೆ ಬೇಕಿರಲಿಲ್ಲ.

ಆ ದಿನ ನಾನು ತಲುಪಿದ ತೀರ್ಮಾನ: ಮಾಸು ಮೂಲೆಯಲ್ಲಿದೆ, ಕಾಲು ನೆಟ್ಟಗಿದೆ, ಮೊದಲ ಬಸಿರಾದ್ದರಿಂದ ಹೊಟ್ಟೆಯ ಸ್ನಾಯು ಬಿಗಿಯಾಗಿದೆ. ಇಷ್ಟು ಸಾಕು ಅನ್ನಿಸಿತು. ಅಲ್ಲಿಗೇ ಹುಡುಕುವುದನ್ನು ನಿಲ್ಲಿಸಿದೆ. ಅದು ಎರಡನೇ ತಪ್ಪು.

ಏನೇನು ಪ್ರಯತ್ನಿಸಿದೆವು

ಒಂದು ವಾರ ಆಕೆ ಮಂಡಿಯೂರಿ, ಎದೆ ನೆಲಕ್ಕೆ ತಾಗಿಸಿ, ಸೊಂಟ ಎತ್ತಿ ಇರುವ ವ್ಯಾಯಾಮ ಮಾಡಿದಳು. ಎಲ್ಲೋ ಓದಿದ್ದಳು. ಇದರಿಂದ ಮಗು ತಿರುಗುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಹಾಗಂತ ಹೇಳಿದೆ. ತಲೆ ಸುತ್ತದಿದ್ದರೆ ಮಾಡಲು ಅಡ್ಡಿಯಿಲ್ಲ ಅಂತಲೂ ಹೇಳಿದೆ. ಮಗು ತಿರುಗಲಿಲ್ಲ. 36 ವಾರ ಕಳೆದ ಮೇಲೆ ಮೊದಲ ಬಸಿರಿನವರಲ್ಲಿ ತಾನಾಗಿಯೇ ತಿರುಗುವುದು ನೂರರಲ್ಲಿ ಸುಮಾರು 8 ಮಾತ್ರ.

37ನೇ ವಾರಕ್ಕೆ ಇಸಿವಿ ಮಾಡೋಣ ಅಂತ ನಿರ್ಧರಿಸಿದೆವು. ಹೊಟ್ಟೆಯ ಮೇಲಿಂದ ಕೈಯಿಂದ ಒತ್ತಿ ಮಗುವನ್ನು ನಿಧಾನವಾಗಿ ಉರುಳಿಸುವ ವಿಧಾನ ಇದು. ಒಟ್ಟಾರೆ ಅರ್ಧದಷ್ಟು ಸಲ ಗೆಲ್ಲುತ್ತದೆ. ಮೊದಲ ಬಸಿರಿನಲ್ಲಿ ಸುಮಾರು 40, ಹಿಂದೆ ಹೆತ್ತವರಲ್ಲಿ ಸುಮಾರು 60 ಅಂತ ನೂರಕ್ಕೆ ಲೆಕ್ಕ. ಸುಮಾರು ಇನ್ನೂರಕ್ಕೆ ಒಬ್ಬರಿಗೆ ತುರ್ತು ಸಿಸೇರಿಯನ್ ಬೇಕಾಗುತ್ತದೆ. ಅದಕ್ಕೇ ಆಪರೇಷನ್ ಥಿಯೇಟರ್ ಪಕ್ಕದಲ್ಲೇ ಮಾಡುತ್ತೇವೆ.

ಮೊದಲು ಅರ್ಧ ಗಂಟೆ ಮಗುವಿನ ಎದೆಬಡಿತದ ಗ್ರಾಫ್ ನೋಡಿದೆವು. ಗರ್ಭಕೋಶ ಸಡಿಲವಾಗಲು ಟರ್ಬ್ಯುಟಲಿನ್ ಇಂಜೆಕ್ಷನ್ ಕೊಟ್ಟೆವು. "ಎದೆ ಡವಡವ ಅಂತಿದೆ" ಅಂದಳು. ಅದು ಇಂಜೆಕ್ಷನ್‌ನ ಪರಿಣಾಮ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಅಂದೆ. ನೋವು ತಡೆಯಲಾಗದಿದ್ದರೆ 'ನಿಲ್ಲಿಸಿ' ಅನ್ನಿ, ಆ ಕ್ಷಣ ಕೈ ತೆಗೆಯುತ್ತೇನೆ ಅಂತ ಮೊದಲೇ ಮಾತಾಗಿತ್ತು.

ಪಿರ್ರೆಯನ್ನು ಕೆಳಗಿನಿಂದ ಎತ್ತಿದೆ. ಸುಲಭವಾಗಿ ಮೇಲೆ ಬಂತು. ಮುಂದಕ್ಕೆ ಪಲ್ಟಿ ಹೊಡೆಸುವ ಹಾಗೆ ತಲೆಯನ್ನು ಒತ್ತಿದೆ. ಮಗು ಓರೆಯಾಯಿತು, ಇನ್ನೇನು ಅಡ್ಡ ಆಗಬೇಕು, ಅಲ್ಲಿಗೆ ನಿಂತಿತು. ಕೈ ಸಡಿಲಿಸಿದ್ದೇ ತಡ, ಸ್ಪ್ರಿಂಗ್‌ನ ಹಾಗೆ ವಾಪಸ್ ಹೋಯಿತು. ಎರಡನೇ ಸಲ ಹಿಂದಕ್ಕೆ ಪಲ್ಟಿ ಹೊಡೆಸಲು ನೋಡಿದೆ. ಅದೇ ಜಾಗ, ಅದೇ ತಡೆ. ಈ ಸಲ ಎದೆಬಡಿತ 90ಕ್ಕೆ ಇಳಿಯಿತು. ಕೈ ತೆಗೆದೆ. ಒಂದೂವರೆ ನಿಮಿಷದಲ್ಲಿ 140ಕ್ಕೆ ಬಂತು. ಆ ಒಂದೂವರೆ ನಿಮಿಷ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಗ್ರಾಫ್ ಪೂರ್ತಿ ಸರಿಹೋದ ಮೇಲೆ ಗಂಡ ಮೆಲ್ಲಗೆ ಕೇಳಿದ, "ಇನ್ನೊಂದೇ ಒಂದ್ಸಲ ನೋಡಬಹುದಾ ಮೇಡಂ?" ಆಕೆಯೂ ತಲೆಯಾಡಿಸಿದಳು. ನಿಜ ಹೇಳಬೇಕೆಂದರೆ ನನಗೂ ಆಸೆ ಇತ್ತು. ಪಿರ್ರೆ ಅಷ್ಟು ಸಲೀಸಾಗಿ ಮೇಲೆ ಬಂದಿತ್ತಲ್ಲ.

ಜೊತೆಗಿದ್ದ ಹಿರಿಯ ಸಹೋದ್ಯೋಗಿ ಒಂದೇ ಪ್ರಶ್ನೆ ಕೇಳಿದರು. "ಎರಡು ಸಲವೂ ಒಂದೇ ಜಾಗದಲ್ಲಿ ನಿಂತಿತಲ್ಲ, ಅಲ್ಲಿ ಏನಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಗೆ ನಿಲ್ಲಿಸಿದೆವು. ಆಂಟಿ-ಡಿ ಕೊಟ್ಟು, ಮತ್ತೆ ಗ್ರಾಫ್ ನೋಡಿ, ಸಂಜೆ ಮನೆಗೆ ಕಳಿಸಿದೆವು. ಈ ಪ್ರಕರಣ ತಿರುಗಿದ್ದು ಇಲ್ಲಿ. ಮಗು ತಿರುಗದಿದ್ದರೂ ನನ್ನ ತಲೆ ತಿರುಗಿತು ಅನ್ನಿ.

ಹಳೆಯ ಕಾಗದ

ಆ ರಾತ್ರಿ ಕಡತವನ್ನು ಮೊದಲಿನಿಂದ ಓದಿದೆ. 9ನೇ ವಾರದ ಸ್ಕ್ಯಾನ್ ಆಕೆ ಬೇರೆ ಕಡೆ ಮಾಡಿಸಿದ್ದಳು. ಅದರ ಕೊನೆಯಲ್ಲಿ ಚಿಕ್ಕದಾಗಿ ಒಂದು ಸಾಲು: ಗರ್ಭದ ಚೀಲ ನಡುವೆ ಇಲ್ಲ, ಬಲಕ್ಕೆ ಸರಿದಿದೆ, ಗರ್ಭಕೋಶದ ಮೇಲ್ಭಾಗದ ಆಕಾರವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು. ಯಾರೂ ನೋಡಿರಲಿಲ್ಲ. ನಾನು ಮೊದಲ ಭೇಟಿಯಲ್ಲಿ ಆ ಕಾಗದದಿಂದ ಹೆರಿಗೆಯ ದಿನಾಂಕ ಒಂದನ್ನು ಬರೆದುಕೊಂಡು ಕಡತಕ್ಕೆ ಸೇರಿಸಿದ್ದೆ.

ಮೊದಲ ಮೂರು ತಿಂಗಳಲ್ಲಿ ಗರ್ಭಕೋಶದ ಆಕಾರ ಚೆನ್ನಾಗಿ ಕಾಣುತ್ತದೆ. ಮಗು ತುಂಬಿಕೊಂಡ ಮೇಲೆ ಗೋಡೆಗಳು ಹಿಗ್ಗಿ ಆಕಾರ ಮರೆಯಾಗುತ್ತದೆ. 37ನೇ ವಾರದಲ್ಲಿ ಮತ್ತೆ ಸ್ಕ್ಯಾನ್ ಮಾಡಿದರೂ ಖಚಿತವಾಗಿ ಏನೂ ತಿಳಿಯಲಿಲ್ಲ. ಆದರೆ ಅನುಮಾನ ಬಲವಾಯಿತು. ಗರ್ಭಕೋಶ ಎರಡು ಕೊಂಬಿನದಾಗಿದ್ದರೆ, ಅಂದರೆ ಮೇಲ್ಭಾಗ ನಡುವೆ ಒಳಕ್ಕೆ ತಗ್ಗಿ ಎಡ ಬಲ ಎರಡು ಭಾಗವಾಗಿದ್ದರೆ, ಎಲ್ಲವೂ ಹೊಂದುತ್ತದೆ. ಬಲಕ್ಕೆ ಸರಿದ ಚೀಲ, ಬಲಮೂಲೆಯ ಮಾಸು, ಬಲಪಕ್ಕೆಯ ಗಟ್ಟಿ ತಲೆ, ಎರಡು ಸಲವೂ ಒಂದೇ ಕಡೆ ಸಿಕ್ಕ ತಡೆ. ಮಗುವಿನ ತಲೆ ಬಲಕೊಂಬಿನಲ್ಲಿ ಕೂತಿದೆ. ಅದು ಹೊರಗೆ ಬರಬೇಕಾದರೆ ನಡುವಿನ ಉಬ್ಬನ್ನು ದಾಟಬೇಕು.

ಇದು ಮೊದಲೇ ಗೊತ್ತಿದ್ದರೆ? ಗರ್ಭಕೋಶದ ಆಕಾರ ತೀರಾ ಬೇರೆ ಇದ್ದಾಗ ಇಸಿವಿ ಬೇಡ ಅಂತಲೇ ಸಾಮಾನ್ಯವಾಗಿ ಹೇಳುತ್ತಾರೆ. ಬಹುಶಃ ನಾನು ಕೈ ಹಾಕುತ್ತಿರಲಿಲ್ಲ. ಮೂರನೇ ಸಲ ಕೈ ಹಾಕದೇ ಇದ್ದದ್ದು ಪುಣ್ಯ.

ಹೆರಿಗೆ ಹೇಗೆ?

ಉಳಿದದ್ದು ಎರಡು ದಾರಿ. ಬ್ರೀಚ್ ಮಗು ಸಹಜವಾಗಿ ಹುಟ್ಟಲಾರದು ಅಂತೇನಿಲ್ಲ. 2000ದಲ್ಲಿ ಪ್ರಕಟವಾದ ಟರ್ಮ್ ಬ್ರೀಚ್ ಟ್ರಯಲ್ ಅನ್ನುವ ಅಧ್ಯಯನ ಜಗತ್ತಿನ ಅಭ್ಯಾಸವನ್ನೇ ಬದಲಿಸಿತು. 26 ದೇಶಗಳ 2088 ತಾಯಂದಿರು ಅದರಲ್ಲಿದ್ದರು. ಮಗು ಸಾಯುವ ಅಥವಾ ಗಂಭೀರ ತೊಂದರೆಗೆ ಸಿಗುವ ಪ್ರಮಾಣ ಯೋಜಿತ ಸಿಸೇರಿಯನ್‌ನಲ್ಲಿ ನೂರಕ್ಕೆ 1.6, ಸಹಜ ಹೆರಿಗೆಗೆ ಯೋಜಿಸಿದವರಲ್ಲಿ 5. ಆದರೆ ಎರಡು ವರ್ಷದ ನಂತರ ನೋಡಿದಾಗ ಸಾವು ಮತ್ತು ಬೆಳವಣಿಗೆಯ ತೊಂದರೆ ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ ಇತ್ತು. ಫ್ರಾನ್ಸ್ ಮತ್ತು ಬೆಲ್ಜಿಯಂನಿಂದ 2006ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಸರಿಯಾಗಿ ಆಯ್ದು, ಅನುಭವಿಗಳು ಮಾಡಿಸಿದ ಹೆರಿಗೆಯಲ್ಲಿ ಆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್‌ನ 2017ರ ಮಾರ್ಗಸೂಚಿ ಮಗುವಿನ ಸಾವಿನ ಲೆಕ್ಕವನ್ನು ಹೀಗೆ ಕೊಡುತ್ತದೆ: 39 ವಾರದ ನಂತರದ ಸಿಸೇರಿಯನ್‌ನಲ್ಲಿ ಸಾವಿರಕ್ಕೆ 0.5, ಯೋಜಿತ ಸಹಜ ಬ್ರೀಚ್ ಹೆರಿಗೆಯಲ್ಲಿ 2, ತಲೆ ಕೆಳಗಿರುವ ಮಗುವಿನ ಯೋಜಿತ ಸಹಜ ಹೆರಿಗೆಯಲ್ಲಿ 1.

ಈ ಅಂಕಿಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಟ್ಟೆ. ಜೊತೆಗೆ ಅಂಕಿಯಲ್ಲಿ ಇಲ್ಲದ ಎರಡು ಮಾತು ಹೇಳಿದೆ. ನಮ್ಮ ತಂಡದಲ್ಲಿ ಸಹಜ ಬ್ರೀಚ್ ಹೆರಿಗೆ ಮಾಡಿಸಿ ಕೈ ಪಳಗಿದವರು ಯಾವಾಗಲೂ ಇರುವುದಿಲ್ಲ. ನಿಮ್ಮ ಗರ್ಭಕೋಶದ ಆಕಾರದ ಬಗ್ಗೆ ನನಗೆ ಅನುಮಾನ ಇದೆ. ಆಕೆ ಒಂದು ದಿನ ಯೋಚಿಸಿ, 39ನೇ ವಾರಕ್ಕೆ ಸಿಸೇರಿಯನ್ ಆಗಲಿ ಅಂದಳು. ಅದಕ್ಕೂ ಮೊದಲೇ ನೀರು ಒಡೆದರೆ ಕಾಯದೆ ಬಂದುಬಿಡಬೇಕು ಅಂತ ಒತ್ತಿ ಹೇಳಿದೆ. ಕೆಳಗೆ ತಲೆ ಇಲ್ಲದಿದ್ದಾಗ ಹೊಕ್ಕುಳಬಳ್ಳಿ ಜಾರಿ ಮುಂದೆ ಬರುವ ಅಪಾಯ ಇರುತ್ತದೆ. ಪಾದ ಕೆಳಗಿರುವ ಬಗೆಯಲ್ಲಿ ಅದು ಜಾಸ್ತಿ, ಫ್ರಾಂಕ್ ಬ್ರೀಚ್‌ನಲ್ಲಿ ಕಮ್ಮಿ. ಕಮ್ಮಿ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಏನಾಯಿತು

ಆಪರೇಷನ್ ತೊಂದರೆಯಿಲ್ಲದೆ ಮುಗಿಯಿತು. ಹೆಣ್ಣು ಮಗು, 2.8 ಕೆಜಿ, ಹುಟ್ಟಿದ ಕೂಡಲೇ ಅತ್ತಿತು. ಹೊಲಿಗೆ ಹಾಕುವ ಮುಂಚೆ ಗರ್ಭಕೋಶದ ಮೇಲ್ಭಾಗ ನೋಡಿದೆ. ನಡುವೆ ತಗ್ಗು, ಎರಡು ಕಡೆ ದಿಬ್ಬ. ಹೃದಯದ ಚಿತ್ರ ಬರೆಯುತ್ತಾರಲ್ಲ, ಆ ಆಕಾರ. ಕೆಲವು ತಿಂಗಳ ನಂತರ ಮಾಡಿಸಿದ ತ್ರೀಡಿ ಸ್ಕ್ಯಾನ್‌ನಲ್ಲೂ ಅದೇ ಕಂಡಿತು. ಇಂಥ ಗರ್ಭಕೋಶ ಇರುವವರಲ್ಲಿ ಕೆಲವರಿಗೆ ಒಂದೇ ಮೂತ್ರಪಿಂಡ ಇರುತ್ತದೆ. ಅದನ್ನೂ ನೋಡಿಸಿದೆವು, ಎರಡೂ ಇದ್ದವು.

ಮೂರನೇ ದಿನ ಹಾಸಿಗೆಯ ಪಕ್ಕ ಕೂತು ಆ ಆಕಾರವನ್ನು ಬರೆದು ತೋರಿಸಿದೆ. ಗರ್ಭಕೋಶ ಮೊದಲು ಎರಡು ಕೊಳವೆಗಳಾಗಿರುತ್ತದೆ, ಅವು ಕೂಡಿ ಒಂದಾಗುತ್ತವೆ. ನಿಮ್ಮಲ್ಲಿ ಮೇಲ್ಗಡೆ ಪೂರ್ತಿ ಕೂಡಲಿಲ್ಲ. ಇದು ನಡೆದದ್ದು ನೀವು ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಕೆಲವೇ ವಾರದವರಾಗಿದ್ದಾಗ.

ಆಕೆ ಸುಮಾರು ಹೊತ್ತು ಕಾಗದ ನೋಡಿದಳು. "ಅಂದ್ರೆ ನಾನು ಹುಟ್ಟೋಕೆ ಮುಂಚೆನೇ?"

"ಹುಟ್ಟೋಕೆ ಮುಂಚೆನೇ."

ಮಗುವಿನ ಕಾಲುಗಳು ಮೊದಲ ಕೆಲವು ದಿನ ಕಿವಿಯ ಕಡೆಗೇ ಹೋಗುತ್ತಿದ್ದವು. ಫ್ರಾಂಕ್ ಬ್ರೀಚ್ ಮಕ್ಕಳಲ್ಲಿ ಇದು ಸಾಮಾನ್ಯ, ತಾನೇ ಸರಿಹೋಗುತ್ತದೆ. ಆದರೆ ಸೊಂಟದ ಕೀಲನ್ನು ಮಾತ್ರ ಬಿಡಬಾರದು. ಬ್ರೀಚ್ ಮಕ್ಕಳಲ್ಲಿ, ಅದರಲ್ಲೂ ಹೆಣ್ಣು ಮಕ್ಕಳಲ್ಲಿ, ತೊಡೆಯ ಮೂಳೆ ಕೀಲಿನ ಗುಂಡಿಯಲ್ಲಿ ಸರಿಯಾಗಿ ಕೂರದಿರುವ ತೊಂದರೆ ಜಾಸ್ತಿ. ಹುಟ್ಟಿದಾಗ ಕೈಯಿಂದ ನೋಡಿದರೆ ಸರಿ ಇತ್ತು. 6ನೇ ವಾರದ ಅಲ್ಟ್ರಾಸೌಂಡ್‌ನಲ್ಲಿ ಎಡಗೀಲು ಸ್ವಲ್ಪ ಹಿಂದುಳಿದಿತ್ತು. 12ನೇ ವಾರಕ್ಕೆ ಸರಿಯಾಗಿತ್ತು, ಪಟ್ಟಿ ಕಟ್ಟುವ ಅಗತ್ಯ ಬೀಳಲಿಲ್ಲ.

ನಮ್ಮಲ್ಲಿ ಆಮೇಲೆ ಎರಡು ಬದಲಾವಣೆ ಆಯಿತು. ಮೊದಲ ಭೇಟಿಯ ಫಾರಂನಲ್ಲಿ 'ಮೊದಲ ಸ್ಕ್ಯಾನ್‌ನಲ್ಲಿ ಗರ್ಭಕೋಶದ ಆಕಾರ' ಅಂತ ಒಂದು ಖಾನೆ ಸೇರಿತು. 36ನೇ ವಾರದಲ್ಲಿ, ಕೈಗೆ ಎಷ್ಟೇ ಖಚಿತ ಅನ್ನಿಸಿದರೂ, ಸ್ಕ್ಯಾನ್ ಪ್ರೋಬ್ ಇಟ್ಟು ತಲೆ ಎಲ್ಲಿದೆ ಅಂತ ಒಂದು ನಿಮಿಷ ನೋಡುತ್ತೇವೆ. ಇಸಿವಿಗೆ ಕೈ ಹಾಕುವ ಮುಂಚೆ ಕಡತದ ಮೊದಲ ಪುಟದಿಂದ ಓದುವುದು ನನ್ನ ಸ್ವಂತ ನಿಯಮ.

ಮೂರು ವರ್ಷದ ಮೇಲೆ ಆಕೆ ಮತ್ತೆ ಬಸುರಿಯಾಗಿ ಬಂದಳು. ಅದೇ ಗರ್ಭಕೋಶ, ಅದೇ ತಗ್ಗು, ಅದೇ ಗಂಡ. ಈ ಸಲವೂ ಬ್ರೀಚ್ ಆಗುವ ಸಾಧ್ಯತೆ ಜಾಸ್ತಿ ಅಂತ ಮೊದಲೇ ಹೇಳಿಟ್ಟಿದ್ದೆ. ಮಾಸು ಈ ಬಾರಿ ಎಡಗಡೆ ಮುಂದಿನ ಗೋಡೆಯ ಮೇಲಿತ್ತು. 36ನೇ ವಾರದಲ್ಲಿ ಪ್ರೋಬ್ ಇಟ್ಟೆ. ತಲೆ ಕೆಳಗೆ ಅಚ್ಚುಕಟ್ಟಾಗಿ ಕೂತಿತ್ತು.

"ಈಗ ಯಾಕೆ ತಿರುಗ್ತು ಮೇಡಂ?"

"ಗೊತ್ತಿಲ್ಲಮ್ಮ" ಅಂದೆ. "ಈ ಸಲ ಪಟ್ಟಿ ಮಾಡ್ಕೊಂಡು ಬಂದಿಲ್ವಾ?"

"ಇಲ್ಲ" ಅಂದು, ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳುತ್ತಾ ನಕ್ಕಳು. "ಏನಂತ ಬರೀಲಿ?"